ವಿಮಾನ ಚಾಲಕಿ ಹೆಲೆನ್ ರಿಚಿ

ವಿದ್ಯಾಭ್ಯಾಸವನ್ನು ಮುಗಿಸಿದ ಪ್ರತಿಯೊಬ್ಬರ ಬಾಳಿನಲ್ಲಿಯೂ ಮೊದಲ ಉದ್ಯೋಗಕ್ಕಾಗಿ ಅರ್ಜಿ ಬರೆಯುವ ದಿನವೊಂದು ಬರುತ್ತದೆ. ತಾನು ಕಲಿತದ್ದೇನು, ತನ್ನಿಂದ ಆಗುವುದೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅಪರಿಚಿತರ ಮುಂದಿಡುವಾಗ ಎಂಥವರ ಎದೆಯೂ ಅಳುಕುತ್ತದೆ. ಅರ್ಜಿಯಾದ ಮೇಲೆ ಸಂದರ್ಶನ. ಅದರಲ್ಲಿ ಗೆದ್ದರೆ ನೇಮಕಾತಿಯ ಪತ್ರ. ಆ ಪತ್ರ ಕೈಸೇರಿದೊಡನೆ ಕಷ್ಟದ ದಿನಗಳು ಕಳೆದುವೆಂದು ನಾವು ಭಾವಿಸುತ್ತೇವೆ. ಆದರೆ ಕೆಲಸಕ್ಕೆ ಸೇರುವುದು ಬೇರೆ, ಸೇರಿದ ಮೇಲೆ ಆ ಕೆಲಸವನ್ನು ಮಾಡಲು ಅವಕಾಶ ದೊರೆಯುವುದು ಬೇರೆ. ಈ ಎರಡರ ನಡುವಣ ಅಂತರ ಎಷ್ಟೆಂಬುದನ್ನು ಅಮೆರಿಕದ ವಿಮಾನ ಚಾಲಕಿ ಹೆಲೆನ್ ರಿಚಿಯ ಜೀವನದಿಂದ ನಾವು ಅರಿಯಬಹುದಾಗಿದೆ.

ಹೆಲೆನ್ ರಿಚಿ ಹುಟ್ಟಿದ್ದು 1909ನೆಯ ಇಸವಿ ನವೆಂಬರ್ 21ರಂದು. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಪಿಟ್ಸ್‌ಬರ್ಗ್ ಮಹಾನಗರಕ್ಕೆ ಸಮೀಪದ ಮೆಕೀಸ್‌ಪೋರ್ಟ್ ಆಕೆಯ ಊರು. ಅದು ಉಕ್ಕಿನ ಕೊಳವೆಗಳನ್ನು ತಯಾರಿಸುವ ಕಾರ್ಖಾನೆಗಳಿಗೆ ಹೆಸರಾದ ಪಟ್ಟಣ. ಆಕೆಯ ತಂದೆ ಆ ಊರಿನ ಶಾಲೆಗಳ ಮೇಲ್ವಿಚಾರಕರಾಗಿದ್ದರು. ರೈಟ್ ಸಹೋದರರು ತಮ್ಮ ಯಂತ್ರವನ್ನು ಮೊಟ್ಟಮೊದಲ ಬಾರಿಗೆ ಗಾಳಿಯಲ್ಲಿ ಹಾರಿಸಿದ 1903ನೆಯ ವರ್ಷಕ್ಕೂ ಹೆಲೆನಳ ಜನನಕ್ಕೂ ನಡುವೆ ಇದ್ದುದು ಆರೇ ವರ್ಷ. ಹೀಗಾಗಿ ಆಕೆಯೂ ವಿಮಾನಯಾನವೂ ಒಟ್ಟಿಗೆ ಬೆಳೆದುವೆಂದು ಹೇಳಬಹುದು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ದಾಟಿ ಪ್ಯಾರಿಸ್ ನಗರವನ್ನು ತಲುಪಿದಾಗ ಆಕೆ ಹದಿನೇಳರ ಹುಡುಗಿ. ಹೆಣ್ಣುಮಕ್ಕಳು ಷರಾಯಿ ತೊಡುವುದು ಅಪರೂಪವಾಗಿದ್ದ ಕಾಲದಲ್ಲಿ ಹೆಲೆನ್ ಷರಾಯಿ ತೊಟ್ಟು ಊರಿನಲ್ಲಿ ಓಡಾಡುತ್ತಿದ್ದಳು. ತನಗೆ ಸರಿಯೆನಿಸಿದ್ದನ್ನು ಗದ್ದಲವಿಲ್ಲದೆ ಮಾಡುವುದು ಆಕೆಯ ಸ್ವಭಾವ.

ಇಪ್ಪತ್ತನೆಯ ವಯಸ್ಸಿನಲ್ಲಿ ಆಕೆ ವಿಮಾನ ನಡೆಸುವ ವಿದ್ಯೆಯನ್ನು ಕಲಿಯತೊಡಗಿದಳು. ಅಂದಿನ ಸಣ್ಣ ವಿಮಾನಗಳ ರೆಕ್ಕೆಗಳು ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಮಾಡಿದವು. ಚಾಲಕನ ಆಸನಕ್ಕೆ ಮೇಲ್ಛಾವಣಿ ಇರುತ್ತಿರಲಿಲ್ಲ. ಚಳಿ, ಗಾಳಿ, ಎಂಜಿನ್ನಿನಿಂದ ಸಿಡಿಯುವ ಎಣ್ಣೆ, ಇವೆಲ್ಲವನ್ನೂ ಮುಖದ ಮೇಲೆಯೇ ತಾಳಿಕೊಳ್ಳಬೇಕಿತ್ತು. ಹೆಲೆನ್ ಅದನ್ನೆಲ್ಲ ಸಂತೋಷದಿಂದ ತಾಳಿಕೊಂಡಳು. ಆಕೆಗೆ ಪರವಾನಗಿ ದೊರೆತಾಗ ತಂದೆ ಒಂದು ವಿಮಾನವನ್ನೇ ಕೊಂಡುಕೊಟ್ಟರು. ಮಗಳ ಹಂಬಲವನ್ನು ಹುಚ್ಚಾಟವೆಂದು ತಳ್ಳಿಹಾಕದೆ ಅದಕ್ಕೆ ನೀರೆರೆದ ಆ ತಂದೆಯನ್ನು ನಾವು ಮೆಚ್ಚಲೇಬೇಕು.

ವಿಮಾನ ಚಾಲನೆಯನ್ನು ಹವ್ಯಾಸವಾಗಿ ಇರಿಸಿಕೊಳ್ಳುವುದಕ್ಕೂ ಅದನ್ನೇ ವೃತ್ತಿಯಾಗಿ ನೆಚ್ಚಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಹಣ ಪಡೆದು ಪ್ರಯಾಣಿಕರನ್ನು ಒಯ್ಯಬೇಕಾದರೆ ಮೇಲಿನ ದರ್ಜೆಯ ಪರವಾನಗಿ ಬೇಕು. ಅದಕ್ಕೆ ದೇಹಪರೀಕ್ಷೆಯಿದೆ, ಲಿಖಿತ ಪರೀಕ್ಷೆಯಿದೆ, ಹಾರಾಟದ ಪರೀಕ್ಷೆಯಿದೆ. ಎಲ್ಲಕ್ಕಿಂತ ಹೆಚ್ಚಾಗಿ ಹಾರಿದ ಗಂಟೆಗಳ ಲೆಕ್ಕವಿದೆ. ಪ್ರತಿಯೊಬ್ಬ ಚಾಲಕನೂ ತಾನು ಹಾರಿದ ದಿನ, ಸ್ಥಳ, ವಿಮಾನದ ಮಾದರಿ, ಕಾಲಾವಧಿ, ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕೆಲಸಕ್ಕೆ ಅರ್ಜಿ ಹಾಕಿದಾಗ ಆತನ ಪರವಾಗಿ ಮಾತನಾಡುವುದು ಈ ಪುಸ್ತಕವೇ. ಬಾಯಿಮಾತಿನಿಂದ ಗಂಟೆಗಳನ್ನು ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಹೆಲೆನ್ ಈ ಪರೀಕ್ಷೆಗಳನ್ನೆಲ್ಲ ದಾಟಿ ತನ್ನ ಪುಸ್ತಕವನ್ನು ಪುಟಪುಟವಾಗಿ ತುಂಬಿಸುತ್ತ ಹೋದಳು.

ಆ ಪುಸ್ತಕಕ್ಕೆ ಒಂದೇ ಬಾರಿಗೆ ಇನ್ನೂರಕ್ಕೂ ಮಿಗಿಲಾದ ಗಂಟೆಗಳನ್ನು ಸೇರಿಸಿದ ಸಾಹಸವೊಂದು 1933ರ ಡಿಸೆಂಬರಿನಲ್ಲಿ ನಡೆಯಿತು. ಫ್ರಾನ್ಸಿಸ್ ಮಾರ್ಸಾಲಿಸ್ ಎಂಬ ಮತ್ತೊಬ್ಬ ವೈಮಾನಿಕೆಯೊಡನೆ ಹೆಲೆನ್ ಮಯಾಮಿ ನಗರದ ಮೇಲೆ ಹಾರಾಡತೊಡಗಿದಳು. ನೆಲಕ್ಕಿಳಿಯದೆ ಎಷ್ಟು ಕಾಲ ಹಾರಬಹುದೆಂಬುದೇ ಅಲ್ಲಿಯ ಪಂಥ. ಇಂಧನ ತೀರಿದಾಗ ಇನ್ನೊಂದು ವಿಮಾನ ಅವರ ಮೇಲೆ ಬಂದು ಕೊಳವೆಯನ್ನು ಇಳಿಬಿಡುತ್ತಿತ್ತು. ಆಹಾರವೂ ಹಾಗೆಯೇ ಮೇಲಿನಿಂದ ಇಳಿಯುತ್ತಿತ್ತು. ಒಬ್ಬಳು ನಡೆಸುವಾಗ ಇನ್ನೊಬ್ಬಳು ತುಸು ಕಣ್ಣು ಮುಚ್ಚುವಳು. ಒಮ್ಮೆ ಇಂಧನ ತುಂಬುವ ಕಾಲದಲ್ಲಿ ವಿಮಾನದ ಹೊದಿಕೆಯ ಬಟ್ಟೆ ಹರಿಯಿತು. ಹಾಗೆಯೇ ಬಿಟ್ಟರೆ ಗಾಳಿಯ ಹೊಡೆತಕ್ಕೆ ಹರಕು ದೊಡ್ಡದಾಗುವುದು ನಿಶ್ಚಯ. ಹೆಲೆನ್ ಹಾರುತ್ತಿದ್ದ ವಿಮಾನದಿಂದ ಹೊರಕ್ಕೆ ತೆವಳಿ ಸೂಜಿದಾರದಿಂದ ಅದನ್ನು ಹೊಲಿದು ಬಂದಳು. ಹೀಗೆ 237 ಗಂಟೆ 42 ನಿಮಿಷಗಳ ಕಾಲ, ಎಂದರೆ ಹತ್ತು ದಿನಗಳಿಗೆ ತುಸು ಕಡಮೆ, ಅವರು ಆಕಾಶದಲ್ಲಿಯೇ ಇದ್ದು ಸ್ತ್ರೀಯರ ದಾಖಲೆಯನ್ನು ಸ್ಥಾಪಿಸಿದರು.

ಮರುವರ್ಷ ಒಹಾಯೊ ಸಂಸ್ಥಾನದ ಡೇಟನ್ ನಗರದಲ್ಲಿ ಸ್ತ್ರೀಯರಿಗಾಗಿಯೇ ನಡೆದ ರಾಷ್ಟ್ರೀಯ ವಿಮಾನ ಮೇಳದಲ್ಲಿ ಹೆಲೆನ್ ಮುಖ್ಯ ಪಂದ್ಯವನ್ನು ಗೆದ್ದಳು. ಅದೇ ಮೇಳದಲ್ಲಿ ಆಕೆಯ ಗೆಳತಿ ಫ್ರಾನ್ಸಿಸ್ ಮಾರ್ಸಾಲಿಸಳ ವಿಮಾನ ನೆಲಕ್ಕೆ ಬಿದ್ದು ಆಕೆ ಪ್ರಾಣ ಕಳೆದುಕೊಂಡಳು. ಗೆಲವು ಮತ್ತು ಸಾವು ಒಂದೇ ಬಯಲಿನಲ್ಲಿ ಎದುರಾದುವು. ಆದರೂ ಹೆಲೆನ್ ಹಾರಾಟವನ್ನು ಬಿಡಲಿಲ್ಲ. ಆದರೆ ಪಂದ್ಯಗಳೂ ಪ್ರದರ್ಶನಗಳೂ ಆಕೆಗೆ ಸಾಲದಾದುವು. ದಿನವೂ ಹೊತ್ತಿಗೆ ಸರಿಯಾಗಿ ಹೊರಟು, ಜನರನ್ನೂ ಅಂಚೆಯನ್ನೂ ಹೊತ್ತು, ಹೊತ್ತಿಗೆ ಸರಿಯಾಗಿ ತಲುಪುವ ವಿಮಾನ ಸಾರಿಗೆಯ ಚಾಲಕಿಯಾಗಬೇಕೆಂಬುದು ಆಕೆಯ ಆಸೆಯಾಗಿತ್ತು.

ಆ ಕಾಲದ ಪರಿಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಮುಗ್ಗಟ್ಟಿನಿಂದ ಅಮೆರಿಕದಲ್ಲಿ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡಿದ್ದರು. ವಿಮಾನ ಚಾಲಕರ ಹುದ್ದೆಗಳು ಬೆರಳೆಣಿಕೆಯಷ್ಟು. ಅವುಗಳಿಗಾಗಿ ಕಾದಿದ್ದ ಗಂಡಸರು ಅನೇಕರು. ಪ್ರಯಾಣಿಕ ವಿಮಾನವನ್ನು ಹೆಂಗಸು ನಡೆಸಿದರೆ ಜನ ಹೆದರಿ ಹತ್ತುವುದೇ ಇಲ್ಲವೆಂಬ ಭಾವನೆ ಸಂಸ್ಥೆಗಳಲ್ಲಿ ಬೇರೂರಿತ್ತು. ಇಂಥ ದಿನಗಳಲ್ಲಿ, 1934ರ ಕೊನೆಯ ಭಾಗದಲ್ಲಿ, ಪೆನ್ಸಿಲ್ವೇನಿಯದ ಗ್ರೀನ್ಸ್‌ಬರ್ಗ್ ಊರಿನಲ್ಲಿ ನೆಲೆಯಿದ್ದ ಸೆಂಟ್ರಲ್ ಏರ್‌ಲೈನ್ಸ್ ಎಂಬ ಸಣ್ಣ ಪ್ರಾಂತೀಯ ವಿಮಾನ ಸಂಸ್ಥೆಗೆ ಒಬ್ಬ ಸಹಚಾಲಕ ಬೇಕಾದಾಗ ಹೆಲೆನ್ ಅರ್ಜಿ ಹಾಕಿದಳು.

ಆ ಹುದ್ದೆಗೆ ಎಂಟು ಮಂದಿ ಗಂಡಸರೂ ಸ್ಪರ್ಧಿಸಿದ್ದರೆಂದು ಹೇಳುತ್ತಾರೆ. ಸಂಸ್ಥೆ ಅವರನ್ನೆಲ್ಲ ಬಿಟ್ಟು ಹೆಲೆನಳನ್ನು ಆರಿಸಿತು. ಅದೇ ಮಾರ್ಗದಲ್ಲಿ ಬೇರೊಂದು ಸಂಸ್ಥೆಯೊಡನೆ ಅದಕ್ಕೆ ಪೈಪೋಟಿ ಇತ್ತು. ಹೆಸರಾಂತ ವೈಮಾನಿಕೆಯೊಬ್ಬಳು ತನ್ನ ವಿಮಾನದಲ್ಲಿದ್ದರೆ ಪತ್ರಿಕೆಗಳಲ್ಲಿ ಪ್ರಚಾರ ದೊರೆಯುವುದೆಂಬ ಲೆಕ್ಕಾಚಾರವೂ ಸಂಸ್ಥೆಗೆ ಇದ್ದಿರಬೇಕು. ಆದರೆ ಹೆಲೆನಳ ಅರ್ಹತೆ ಪ್ರಚಾರದಿಂದ ಬಂದುದಲ್ಲ. ಆಕೆಯ ಕೈಯಲ್ಲಿ ಪರವಾನಗಿಯಿತ್ತು, ಗಂಟೆಗಳ ಲೆಕ್ಕವಿತ್ತು, ಗಾಳಿಯಲ್ಲಿ ತೆವಳಿ ಬಟ್ಟೆ ಹೊಲಿದ ಎದೆಗಾರಿಕೆಯಿತ್ತು. ನಿಯತ ವೇಳೆಯಲ್ಲಿ ಸಂಚರಿಸುವ ಪ್ರಯಾಣಿಕ ವಿಮಾನ ಸಂಸ್ಥೆಯೊಂದು ಸ್ತ್ರೀಯನ್ನು ಚಾಲಕ ವೃತ್ತಿಗೆ ನೇಮಿಸಿದ್ದು ಅಮೆರಿಕದಲ್ಲಿ ಅದೇ ಮೊದಲೆಂದು ಪರಿಗಣಿಸಲಾಗಿದೆ.

1934ನೆಯ ಡಿಸೆಂಬರ್ 31ರಂದು, ವರ್ಷದ ಕೊನೆಯ ದಿನ, ಹೆಲೆನ್ ವಾಷಿಂಗ್ಟನ್ನಿನಿಂದ ಡೆಟ್ರಾಯಿಟ್ ನಗರಕ್ಕೆ ತನ್ನ ಮೊದಲ ವೃತ್ತಿಯಾನವನ್ನು ಕೈಗೊಂಡಳು. ಆಕೆ ಹತ್ತಿದ್ದು ಮೂರು ಎಂಜಿನ್ನುಗಳ ಫೋರ್ಡ್ ಟ್ರೈಮೋಟಾರ್ ವಿಮಾನವನ್ನು. ಗೀರುಗೀರಾದ ಲೋಹದ ತಗಡು ಹೊದಿಸಿದ ಆ ವಿಮಾನ ಹತ್ತು ಹನ್ನೆರಡು ಪ್ರಯಾಣಿಕರನ್ನು ಒಯ್ಯುತ್ತಿತ್ತು. ಅದರ ಸದ್ದು ಕಿವಿ ಕಿವುಡಾಗುವಷ್ಟು. ಚಾಲನೆಯ ಚಕ್ರ ತಿರುಗಿಸಲು ತೋಳಿಗೆ ಬಲ ಬೇಕು. ಮಾರ್ಗವಾದರೂ 600 ಕಿಲೋಮೀಟರುಗಳಿಗೂ ಮಿಗಿಲಾದದ್ದು; ನಡುವೆ ಅಲಿಗೆನಿ ಪರ್ವತಶ್ರೇಣಿ. ಚಳಿಗಾಲದಲ್ಲಿ ಅಲ್ಲಿ ಮಂಜು, ಮೋಡ, ಹಿಮಪಾತಗಳು ಸಾಮಾನ್ಯ. ಇಂದಿನಂತೆ ರಾಡಾರ್ ಯಂತ್ರಗಳು ಆಗ ಇರಲಿಲ್ಲ. ರೇಡಿಯೋ ಸಂಕೇತಗಳನ್ನೂ ನೆಲದ ಮೇಲೆ ತಿರುಗುವ ದೀಪಸ್ತಂಭಗಳನ್ನೂ ನೆಚ್ಚಿ ಚಾಲಕರು ದಾರಿ ಹುಡುಕುತ್ತಿದ್ದರು. ಹೆಲೆನ್ ಸಹಚಾಲಕಿಯ ಆಸನದಲ್ಲಿ ಕುಳಿತು ಕರ್ತವ್ಯವನ್ನು ನಿರ್ವಹಿಸಿದಳು. ವಿಮಾನ ಕ್ಷೇಮವಾಗಿ ಡೆಟ್ರಾಯಿಟ್ ಸೇರಿತು.

ಪತ್ರಿಕೆಗಳು ಆಕೆಯ ಭಾವಚಿತ್ರವನ್ನು ಅಚ್ಚುಹಾಕಿದುವು. ಆದರೆ ಆಕೆಯ ನಿಜವಾದ ಪರೀಕ್ಷೆ ಆರಂಭವಾದದ್ದು ಆ ಬಳಿಕ. ವಿಮಾನ ಚಾಲಕರು 1931ರಲ್ಲಿ ತಮ್ಮದೇ ಆದ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಅದರ ಸದಸ್ಯರೆಲ್ಲರೂ ಗಂಡಸರು. ಸಂಘ ಹೆಲೆನಳಿಗೆ ಸದಸ್ಯತ್ವವನ್ನು ನಿರಾಕರಿಸಿತು. ಕೆಟ್ಟ ಹವೆಯಲ್ಲಿ ಭಾರಿ ವಿಮಾನವನ್ನು ಹಿಡಿತದಲ್ಲಿಡುವ ದೇಹಬಲ ಹೆಂಗಸಿಗೆ ಇರುವುದಿಲ್ಲವೆಂಬುದು ಅದರ ವಾದ. ಸರ್ಕಾರದ ವಾಣಿಜ್ಯ ಇಲಾಖೆಯಲ್ಲಿ ವಿಮಾನಯಾನವನ್ನು ನೋಡಿಕೊಳ್ಳುತ್ತಿದ್ದ ವಿಭಾಗವೂ ಇದಕ್ಕೆ ಓಗೊಟ್ಟಿತು. ಹವೆ ಹಿತವಾಗಿರುವ ದಿನಗಳಲ್ಲಿ ಮಾತ್ರ ಆಕೆ ಹಾರಲೆಂದು ಸಂಸ್ಥೆಗೆ ಸೂಚನೆ ಹೋಯಿತು.

ಈ ಮಾತನ್ನು ನಾವು ಸಮಾಧಾನದಿಂದ ತೂಗಿ ನೋಡೋಣ. ಚಳಿಗಾಲದ ಅಲಿಗೆನಿ ಮಾರ್ಗ ಅಪಾಯದ್ದೆಂಬುದು ಸುಳ್ಳಲ್ಲ. ಪ್ರಯಾಣಿಕರ ಪ್ರಾಣರಕ್ಷಣೆ ಎಲ್ಲಕ್ಕಿಂತ ಮಿಗಿಲೆಂಬುದೂ ನಿಜ. ಕೆಲಸವಿಲ್ಲದ ಕಾಲದಲ್ಲಿ ಹುದ್ದೆಗಳು ಕೈತಪ್ಪುವುವೆಂದು ಗಂಡಸರು ಹೆದರಿದ್ದನ್ನೂ ಅರ್ಥಮಾಡಿಕೊಳ್ಳಬಹುದು. ಆದರೆ ಹೆಲೆನಳ ತೋಳಿನ ಬಲವನ್ನು ಯಾರೂ ಅಳೆದು ನೋಡಿರಲಿಲ್ಲ. ಆಕೆ ಯಾವ ಹಾರಾಟದಲ್ಲಿ ತಪ್ಪಿದಳೆಂದು ಯಾರೂ ತೋರಿಸಲಿಲ್ಲ. ಒಬ್ಬ ವ್ಯಕ್ತಿ ತಪ್ಪಿದರೆ ಆತನನ್ನು ತೆಗೆದುಹಾಕುವುದು ನ್ಯಾಯ. ತಪ್ಪಬಹುದೆಂಬ ಊಹೆಯಿಂದ ಒಂದು ಕುಲವನ್ನೇ ಹೊರಗಿಡುವುದು ನ್ಯಾಯವಲ್ಲ. ಇನ್ನೂ ಒಂದು ತೊಡಕಿತ್ತು. ಕೆಟ್ಟ ಹವೆಯಲ್ಲಿ ಹಾರಿದ ಅನುಭವವಿಲ್ಲದವರು ಮುಖ್ಯ ಚಾಲಕರಾಗುವಂತಿಲ್ಲ. ಆ ಅನುಭವವನ್ನು ಪಡೆಯಲು ಹೆಲೆನಳಿಗೆ ಅವಕಾಶವಿಲ್ಲ. ನೀರಿಗಿಳಿಯದೆ ಈಜು ಕಲಿತು ಬಾ ಎಂದ ಹಾಗಾಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ಆಕೆಯ ಪಾಲಿಗೆ ನಿಜವಾಯಿತು. ಸಂಬಳದ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಹಾರಾಟದ ಪಟ್ಟಿಯಲ್ಲಿ ಅಪರೂಪವಾಗಿ ಕಾಣುತ್ತಿತ್ತು. ಸಂಸ್ಥೆ ಆಕೆಯನ್ನು ಸಭೆಗಳಲ್ಲಿ ಭಾಷಣ ಮಾಡಲು, ವಿಮಾನದ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳಲು ಕಳುಹಿಸುತ್ತಿತ್ತು. ಆ ಎಲ್ಲ ತಿಂಗಳುಗಳಲ್ಲಿ ಆಕೆಗೆ ದೊರೆತ ಹೋಗಿಬರುವ ಪ್ರಯಾಣಗಳು ಹನ್ನೆರಡನ್ನೂ ಮುಟ್ಟಲಿಲ್ಲ. ಕೆಲಸ ಮಾಡದೆ ಸಂಬಳ ಪಡೆಯುವುದನ್ನು ಸುಖವೆಂದು ಭಾವಿಸುವವರುಂಟು. ಹೆಲೆನ್ ಅಂಥವಳಲ್ಲ. ತಾನು ಚಾಲಕಿಯಾಗಿ ಬಂದವಳೇ ಹೊರತು ಅಲಂಕಾರದ ಗೊಂಬೆಯಾಗಿ ಅಲ್ಲವೆಂದು ಮನಗಂಡ ಆಕೆ 1935ರಲ್ಲಿಯೇ ರಾಜೀನಾಮೆಯನ್ನಿತ್ತು ಹೊರಬಂದಳು. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿ ಜಗತ್ಪ್ರಸಿದ್ಧಳಾಗಿದ್ದ ಅಮೆಲಿಯ ಇಯರ್‌ಹಾರ್ಟ್ ಈ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಿದಳು. ಸ್ತ್ರೀಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸಂಘಟನೆಗಳೂ ದನಿಗೂಡಿಸಿದುವು. ಆದರೆ ಹುದ್ದೆ ಮರಳಿ ಬರಲಿಲ್ಲ.

ಹೆಲೆನ್ ಕೈಕಟ್ಟಿ ಕೂರಲಿಲ್ಲ. 1936ರಲ್ಲಿ ಲಘು ವಿಮಾನಗಳ ವರ್ಗದಲ್ಲಿ ಆಕೆ ಎತ್ತರದ ದಾಖಲೆಯನ್ನು ಸಾಧಿಸಿದಳು. ಅದೇ ವರ್ಷ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ವರೆಗೆ ನಡೆದ ಬೆಂಡಿಕ್ಸ್ ಪಂದ್ಯದಲ್ಲಿ ಅಮೆಲಿಯ ಇಯರ್‌ಹಾರ್ಟಳೊಡನೆ ಹಾರಿ ಐದನೆಯ ಸ್ಥಾನವನ್ನು ಪಡೆದಳು. ಗಂಡಸರೂ ಹೆಂಗಸರೂ ಒಟ್ಟಿಗೆ ಸ್ಪರ್ಧಿಸಿದ ಆ ಪಂದ್ಯದಲ್ಲಿ ಮೊದಲನೆಯ ಮತ್ತು ಎರಡನೆಯ ಬಹುಮಾನಗಳು ಸ್ತ್ರೀಯರಿಗೇ ಸಂದುವು. ಸ್ತ್ರೀಯರಿಗೆ ಬಲ ಸಾಲದೆಂಬ ವಾದಕ್ಕೆ ಖಂಡದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗಿನ ಆ ಹಾರಾಟವೇ ಉತ್ತರವಾಯಿತು.

ಬಳಿಕ ಆಕೆ ಸರ್ಕಾರದ ಒಂದು ಉಪಯುಕ್ತ ಕಾರ್ಯದಲ್ಲಿ ತೊಡಗಿದಳು. ಊರುಗಳ ಹೆಸರುಗಳನ್ನು ಎತ್ತರದ ಕಟ್ಟಡಗಳ ಛಾವಣಿಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸುವುದು ಆ ಕಾರ್ಯ. ದಾರಿ ತಪ್ಪಿದ ಚಾಲಕನು ಮೇಲಿನಿಂದಲೇ ಅದನ್ನು ಓದಿಕೊಂಡು ತಾನು ಎಲ್ಲಿರುವೆನೆಂದು ತಿಳಿಯಬಹುದಿತ್ತು. ಹಾರಲು ತನಗೆ ಅವಕಾಶ ಕೊಡದ ವೃತ್ತಿಬಾಂಧವರ ಕ್ಷೇಮಕ್ಕಾಗಿ ಆಕೆ ಹೀಗೆ ಊರೂರು ತಿರುಗಿದಳು. 1940ರಲ್ಲಿ ವಿಮಾನ ಚಾಲನೆಯನ್ನು ಕಲಿಸುವ ಬೋಧಕಿಯ ಪರವಾನಗಿಯನ್ನು ಪಡೆದು ತರುಣರಿಗೆ ಪಾಠ ಹೇಳಿದಳು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಹಬ್ಬಿತ್ತು. ಗಂಡಸರು ರಣರಂಗಕ್ಕೆ ತೆರಳಿದಾಗ, ಹೆಂಗಸರ ತೋಳಿನಲ್ಲಿ ಬಲವಿಲ್ಲವೆಂಬ ಮಾತು ತಾನಾಗಿ ಅಡಗಿತು. ಕಾರ್ಖಾನೆಗಳಿಂದ ಸೇನಾ ನೆಲೆಗಳಿಗೆ ವಿಮಾನಗಳನ್ನು ಸಾಗಿಸಲು ಬ್ರಿಟನ್ನಿನಲ್ಲಿ ಒಂದು ಪಡೆ ಇತ್ತು. 1942ರಲ್ಲಿ ಜಾಕ್ವೆಲಿನ್ ಕಾಕ್ರನ್ ಎಂಬ ವೈಮಾನಿಕೆಯ ನೇತೃತ್ವದಲ್ಲಿ ಅಮೆರಿಕದ ಸ್ತ್ರೀಯರ ತಂಡವೊಂದು ಅದನ್ನು ಸೇರಿತು. ಹೆಲೆನಳೂ ಅದರಲ್ಲಿದ್ದಳು, ಕಾಕ್ರನ್ ಸ್ವದೇಶಕ್ಕೆ ಮರಳಿದ ಮೇಲೆ ಆ ತಂಡದ ಮುಖ್ಯಸ್ಥೆಯೂ ಆದಳು. ಮುಂದೆ ಅಮೆರಿಕಕ್ಕೆ ಹಿಂತಿರುಗಿ ಅಲ್ಲಿಯ ಸ್ತ್ರೀ ವೈಮಾನಿಕ ಪಡೆಯಲ್ಲಿ ಸೇವೆ ಸಲ್ಲಿಸಿದಳು. ಒಂದು ಸಾವಿರಕ್ಕೂ ಹೆಚ್ಚು ಸ್ತ್ರೀಯರಿದ್ದ ಆ ಪಡೆ ಸಣ್ಣ ತರಬೇತಿ ವಿಮಾನಗಳಿಂದ ಹಿಡಿದು ನಾಲ್ಕು ಎಂಜಿನ್ನುಗಳ ಭಾರಿ ಬಾಂಬರುಗಳವರೆಗೆ ಎಲ್ಲವನ್ನೂ ನಡೆಸಿತು. ಅವರಲ್ಲಿ 38 ಮಂದಿ ಕರ್ತವ್ಯದಲ್ಲಿ ಪ್ರಾಣವನ್ನರ್ಪಿಸಿದರು. 1944ರ ಡಿಸೆಂಬರ್ 20ರಂದು, ಗಂಡಸರು ಸಾಕಷ್ಟು ಸಂಖ್ಯೆಯಲ್ಲಿ ದೊರೆತೊಡನೆ, ಆ ಪಡೆಯನ್ನು ವಿಸರ್ಜಿಸಲಾಯಿತು.

ಯುದ್ಧ ಮುಗಿದಾಗ ಸೇನೆಯಿಂದ ಹೊರಬಂದ ಸಾವಿರಾರು ಚಾಲಕರು ಕೆಲಸ ಹುಡುಕುತ್ತಿದ್ದರು. ಹದಿನೈದು ವರ್ಷಗಳ ಅನುಭವವಿದ್ದ ಹೆಲೆನಳಿಗೆ ಎಲ್ಲಿಯೂ ಸ್ಥಾನ ದೊರೆಯಲಿಲ್ಲ. ಹಾರಾಟವೇ ಉಸಿರಾಗಿದ್ದವಳಿಗೆ ನೆಲದ ಮೇಲಿನ ಬಾಳು ಭಾರವಾಯಿತು. 1947ರ ಜನವರಿ 7ರಂದು ನ್ಯೂಯಾರ್ಕಿನ ತನ್ನ ಮನೆಯಲ್ಲಿ ಆಕೆ ತೀರಿಕೊಂಡಳು. ಆಗ ಆಕೆಗೆ 37 ವರ್ಷ.

ಹೆಲೆನ್ ಬಿಟ್ಟುಹೋದ ಆಸನ ಬಹುಕಾಲ ಬರಿದಾಗಿಯೇ ಉಳಿಯಿತು. ಆಕೆಯ ನೇಮಕವಾಗಿ 38 ವರ್ಷಗಳಾದ ಮೇಲೆ, 1973ರ ಜನವರಿಯಲ್ಲಿ, ಡೆನ್ವರ್ ನಗರದ ಫ್ರಾಂಟಿಯರ್ ಎಂಬ ಪ್ರಾಂತೀಯ ಸಂಸ್ಥೆ ಎಮಿಲಿ ಹೋವೆಲ್ ಎಂಬಾಕೆಯನ್ನು ಚಾಲಕಿಯಾಗಿ ಸೇರಿಸಿಕೊಂಡಿತು. ಆಕೆ ಹಾರಾಟವನ್ನು ಕಲಿಸುವ ಬೋಧಕಿಯಾಗಿದ್ದಳು. ತನ್ನಿಂದ ಕಲಿತ ಹುಡುಗರು ಒಬ್ಬೊಬ್ಬರಾಗಿ ವಿಮಾನ ಸಂಸ್ಥೆಗಳನ್ನು ಸೇರುತ್ತಿದ್ದುದನ್ನು ನೋಡುತ್ತ, ವರ್ಷವರ್ಷವೂ ಅರ್ಜಿಯನ್ನು ಹಾಕುತ್ತ ಕಾದವಳು. ಹೆಲೆನಳಿಗೆ ಬಾಗಿಲು ಮುಚ್ಚಿದ್ದ ಅದೇ ಚಾಲಕರ ಸಂಘ 1974ರಲ್ಲಿ ಎಮಿಲಿಯನ್ನು ಸದಸ್ಯೆಯನ್ನಾಗಿ ಬರಮಾಡಿಕೊಂಡಿತು. 1976ರಲ್ಲಿ ಆಕೆ ಕ್ಯಾಪ್ಟನ್ ಪದವಿಗೂ ಏರಿದಳು.

ನಮ್ಮ ದೇಶದಲ್ಲಿಯೂ ಈ ಹಾದಿ ಸುಗಮವಾಗಿರಲಿಲ್ಲ. 1947ರಲ್ಲಿ ವೃತ್ತಿ ಚಾಲಕಿಯ ಪರವಾನಗಿಯನ್ನು ಪಡೆದ ಪ್ರೇಮ್ ಮಾಥುರ್ ಎಂಬಾಕೆಯ ಅರ್ಜಿಯನ್ನು ಹಲವು ಸಂಸ್ಥೆಗಳು ತಿರಸ್ಕರಿಸಿದುವು. ಕೊನೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಆಕೆಯನ್ನು ಸಹಚಾಲಕಿಯಾಗಿ ನೇಮಿಸಿತು. ಆದರೆ ವಿಮಾನದ ಪೂರ್ಣ ಹೊಣೆಯನ್ನು ಒಪ್ಪಿಸಲಿಲ್ಲ. ಕಾಲ ಕ್ರಮೇಣ ಬದಲಾಯಿತು. 2021ರ ಜನವರಿಯಲ್ಲಿ ನಾಲ್ವರು ಭಾರತೀಯ ಚಾಲಕಿಯರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಕೊರೆಯುವ ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ ಹಾದು, ತುಂಬಿದ ಪ್ರಯಾಣಿಕ ವಿಮಾನವನ್ನು ಎಲ್ಲಿಯೂ ಇಳಿಸದೆ ಬೆಂಗಳೂರಿಗೆ ತಂದು ಮುಟ್ಟಿಸಿದರು. ಹವೆ ಹಿತವಾಗಿದ್ದರೆ ಮಾತ್ರ ಹಾರಿರೆಂದು ಅವರಿಗೆ ಯಾರೂ ಹೇಳಲಿಲ್ಲ.

ಹೆಲೆನ್ ರಿಚಿ ಬಯಸಿದ್ದು ಕೀರ್ತಿಯನ್ನಲ್ಲ. ಕಲಿತ ಕೆಲಸವನ್ನು ಮಾಡುವ ಅವಕಾಶವನ್ನು. ಅದು ಆಕೆಗೆ ಪೂರ್ತಿಯಾಗಿ ದೊರೆಯಲಿಲ್ಲ. ಆದರೆ ಆಕೆ ಬರೆದ ಒಂದು ಅರ್ಜಿ, ನಡೆಸಿದ ಕೆಲವೇ ಪ್ರಯಾಣಗಳು ಹೆಣ್ಣಿನಿಂದ ಈ ಕೆಲಸ ಆಗುವುದೆಂಬುದಕ್ಕೆ ಸಾಕ್ಷಿಯಾಗಿ ಉಳಿದುವು. ನಾಳೆ ನೀವೂ ಅರ್ಜಿಗಳನ್ನು ಬರೆಯುವಿರಿ. ಮುಂದೊಮ್ಮೆ ಪರರ ಅರ್ಜಿಗಳನ್ನು ಓದಿ ಆರಿಸುವ ಸ್ಥಾನದಲ್ಲಿಯೂ ಕುಳಿತುಕೊಳ್ಳುವಿರಿ. ಬರೆಯುವಾಗ ಹೆಲೆನಳ ಧೈರ್ಯ ನೆನಪಿರಲಿ. ಓದುವಾಗ ಆಕೆಗಾದ ಅನ್ಯಾಯ ನೆನಪಿರಲಿ.